ಟಪಾಲು ಮಾವ ಓದದೆ ಹಂಚಿದ ಹಾಳೆ

ನಮ್ಮ ಬೀದಿಗೆ ನೀರು ಯಾವಾಗ ಬರುತ್ತದೆ ಎನ್ನುವುದು ನೀರು ಬಿಡುವವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಆರಕ್ಕೆ, ಇನ್ನೊಂದು ದಿನ ಮಧ್ಯಾಹ್ನ ಮೂರಕ್ಕೆ, ಮತ್ತೊಂದು ದಿನ ಇಲ್ಲವೇ ಇಲ್ಲ. ಈ ಕಾಟಕ್ಕೊಂದು ದಾರಿ ಹುಡುಕಲು ಹೋಗಿ ನಮ್ಮ ಯಜಮಾನರು ಬ್ಲಾಗ್ ಶುರು ಮಾಡಿದರು. ಅದರಿಂದ ಆದ ಒಳ್ಳೆಯದನ್ನೂ ಹೇಳುತ್ತೇನೆ, ಕೆಟ್ಟದ್ದನ್ನೂ ಹೇಳುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ಮನೆಯವರ ತಪ್ಪೆಂದು ಮುಚ್ಚಿಡುವವಳಲ್ಲ, ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ.

ನಮ್ಮವರು ಮೂವತ್ತೊಂದು ವರ್ಷ ಮನೆಮನೆಗೆ ಅಂಚೆ ಹಂಚಿದವರು. ಬೀದಿಯ ಚಿಕ್ಕವರು ದೊಡ್ಡವರು ಎಲ್ಲರ ಬಾಯಲ್ಲೂ ಅವರು ‘ಟಪಾಲು ಮಾವ’. ನಿವೃತ್ತಿಯಾದ ಮೇಲೆ ಆರು ತಿಂಗಳು ಮನೆಯೊಳಗೇ ಅಡ್ಡಾಡಿ ನನ್ನ ತಲೆ ತಿಂದರು. ಆಮೇಲೆ ಗ್ರಂಥಾಲಯದಲ್ಲಿ ಕಂಪ್ಯೂಟರ್ ಕಲಿಸುತ್ತಾರೆಂದು ಹೋದರು, ಬ್ಲಾಗ್ ಕಟ್ಟುವುದನ್ನು ಕಲಿತು ಬಂದರು. ನೀರಿನ ಕಚೇರಿಯಲ್ಲಿ ದಿನಾ ಕೇಳಿ ತಿಳಿದ ನೀರು ಬಿಡುವ ಹೊತ್ತು, ಕರೆಂಟು ತೆಗೆಯುವ ಹೊತ್ತು, ಕಳೆದುಹೋದ ಬೀಗದ ಕೈ, ಖಾಲಿ ಇರುವ ಮನೆ, ತೀರಿಕೊಂಡವರ ಸುದ್ದಿ, ಎಲ್ಲ ಅದರಲ್ಲಿ ಬರತೊಡಗಿತು. ಬಕೆಟ್ಟು ಹಿಡಿದು ಗಂಟೆಗಟ್ಟಲೆ ಕಾಯುವುದು ತಪ್ಪಿತು. ಜನ ಮನಸಾರೆ ಹರಸಿದರು.

ಫೋನು ನೋಡಲು ಬಾರದವರು, ಕಣ್ಣು ಮಂದವಾದವರು, ಪುರುಸೊತ್ತಿಲ್ಲದವರು, ಇಂಥವರ ಹತ್ತೊಂಬತ್ತು ಮನೆ ಇದ್ದವು. ಅವರಿಗೆ ನಮ್ಮವರು ಬೇರೆ ಏರ್ಪಾಡು ಮಾಡಿದ್ದರು. ಬೆಳಿಗ್ಗೆ ಹತ್ತಕ್ಕೆ ಹಿಂದಿನ ದಿನದ ಬರಹವನ್ನೂ ಅದರ ಕೆಳಗೆ ಓದುಗರು ಬರೆದ ಕಾಮೆಂಟುಗಳನ್ನೂ ಮುದ್ರಿಸುವುದು, ಮೂರು ಮಡಿಕೆ ಮಾಡುವುದು, ಹಳೆಯ ಖಾಕಿ ಚೀಲ ಹೆಗಲಿಗೇರಿಸಿ ಮನೆಮನೆಗೆ ಕೊಟ್ಟು ಬರುವುದು. ತಾವು ಬರೆದ ಭಾಗವನ್ನು ಎರಡೆರಡು ಸಲ ತಿದ್ದುತ್ತಿದ್ದರು. ಕಾಮೆಂಟುಗಳನ್ನು ಮಾತ್ರ ಓದುತ್ತಲೇ ಇರಲಿಲ್ಲ.

ಇದು ನಮ್ಮ ಮಹಡಿಯ ಮೇಲಿನ ಪತ್ರಿಕೆ ಅಕ್ಕನ ಕಣ್ಣಿಗೆ ಬಿತ್ತು. ಆಕೆ ಇಪ್ಪತ್ತು ವರ್ಷ ದಿನಪತ್ರಿಕೆಯೊಂದರಲ್ಲಿ ಓದುಗರ ಪತ್ರಗಳ ವಿಭಾಗ ನೋಡಿಕೊಂಡವರು. ಒಂದು ದಿನ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದರು.

“ಅಣ್ಣಾ, ಈ ಕಾಮೆಂಟುಗಳನ್ನ ನೀವು ನೋಡಿ ಹಾಕ್ತೀರೋ, ತಾನೇ ಬಂದು ಕೂತ್ಕೊಳ್ತವೋ?”

“ತಾನೇ ಬರ್ತವೆ. ನಾನ್ಯಾಕಮ್ಮ ನೋಡ್ಬೇಕು? ಮೂವತ್ತೊಂದು ವರ್ಷದಲ್ಲಿ ಇನ್ನೊಬ್ಬರ ಲಕೋಟೆ ಒಡೆದವನಲ್ಲ ನಾನು. ಬರೆದದ್ದು ಬರೆದವರ ಜವಾಬ್ದಾರಿ. ಮುಟ್ಟಿಸೋದಷ್ಟೇ ನನ್ನ ಕೆಲಸ.”

“ಲಕೋಟೆ ಒಬ್ಬರಿಗೆ ಹೋಗುತ್ತೆ. ಅದನ್ನ ಒಡೆಯೋದು ತಪ್ಪು, ಒಪ್ಪಿದೆ. ಇದು ಲಕೋಟೆ ಅಲ್ವಲ್ಲ ಅಣ್ಣ. ಬೀದಿಗೆಲ್ಲ ಹಂಚೋ ಹಾಳೆ. ನೀವೀಗ ಅಂಚೆಯವರಲ್ಲ, ಸಂಪಾದಕರು. ಕಾಮೆಂಟು ಬಂದ ತಕ್ಷಣ ಯಾರಿಗೂ ಕಾಣದ ಹಾಗೆ ತಡೆದಿಡೋ ವ್ಯವಸ್ಥೆ ಬ್ಲಾಗಲ್ಲೇ ಇದೆ. ನೀವು ಓದಿ ಒಪ್ಪಿದ ಮೇಲೆ ಹೊರಗೆ ಬರುತ್ತೆ. ಬನ್ನಿ, ತೋರಿಸ್ತೀನಿ.”

ನಮ್ಮವರು ನಕ್ಕುಬಿಟ್ಟರು. “ಸಂಪಾದಕನಂತೆ. ಪಿಂಚಣಿ ತಗೊಂಡ ಮೇಲೆ ಬಡ್ತಿ ಸಿಕ್ತು ನೋಡೇ,” ಎಂದು ನನ್ನ ಕಡೆ ತಿರುಗಿದರು. ನಾನೂ ನಕ್ಕೆ. ಅಕ್ಕ ಮೆಟ್ಟಿಲು ಹತ್ತಿ ಮೇಲೆ ಹೋದರು.

ಬೀದಿಯ ತುದಿಯ ಹಸಿರು ಗೇಟಿನ ಮನೆಯಲ್ಲಿ ತೊಟ್ಟಿಲಮ್ಮ ಇದ್ದರು. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವುದು ಆಕೆಯ ಕಸುಬು. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದರು. ಆ ವರ್ಷ ಹದಿನಾಲ್ಕು ಮಕ್ಕಳಿದ್ದವು. ಗೇಟಿನ ಪಕ್ಕ ಒಂದು ಕಪ್ಪು ಹಲಗೆ ತೂಗುಹಾಕಿ, ಸಂಜೆ ತಾಯಂದಿರು ಬರುವ ಹೊತ್ತಿಗೆ ಪ್ರತಿ ಮಗುವಿನ ದಿನಚರಿ ಅದರ ಮೇಲೆ ಬರೆದಿಡುತ್ತಿದ್ದರು. ‘ಬಟಾಣಿ: ಊಟ ಪೂರ್ತಿ. ನಿದ್ದೆ ಎರಡು ಗಂಟೆ. ಒಂದು ಸಲ ಅತ್ತಳು, ಚೆಂಡು ಸಿಕ್ಕಿತು.’

ಬಟಾಣಿ ಎಂದರೆ ನಮ್ಮ ಹಿಂದಿನ ಮನೆಯ ಮೂರು ವರ್ಷದ ಹುಡುಗಿ. ಗುಂಡಗೆ ಪುಟ್ಟಗೆ ಇದ್ದಳೆಂದು ತೊಟ್ಟಿಲಮ್ಮನೇ ಇಟ್ಟ ಹೆಸರು. ತಾಯಿ ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬ ತುಂಬುವ ಕೆಲಸದವಳು. ತಂದೆ ಲಾರಿ ಓಡಿಸುತ್ತ ತಿಂಗಳಲ್ಲಿ ಇಪ್ಪತ್ತು ದಿನ ಹೊರಗೇ ಇರುತ್ತಿದ್ದ. ಸಂಜೆ ನಮ್ಮ ಮನೆ ಮುಂದೆ ಹಾದುಹೋಗುವಾಗ ಬಟಾಣಿ ಬಲಗೈ ಎತ್ತಿ, ಐದು ಬೆರಳನ್ನೂ ಅಗಲಿಸಿ, “ಟಪಾಲು ಮಾವಾ, ಕಾಗದ,” ಎಂದು ಕೇಳುತ್ತಿದ್ದಳು. ನಮ್ಮವರು ಏನಾದರೊಂದು ಚೂರು ಕಾಗದ ಮಡಚಿ ಕೈಗಿಡುತ್ತಿದ್ದರು.

ಒಂದು ಸೋಮವಾರ ನಮ್ಮವರು ಬರೆದದ್ದು ಇಷ್ಟೇ: ತಂತಿ ಬದಲಿಸುವ ಕೆಲಸವಿದೆ, ಮೂರು ದಿನ ಮಧ್ಯಾಹ್ನ ಒಂದರಿಂದ ಮೂರರವರೆಗೆ ಕರೆಂಟು ಇರುವುದಿಲ್ಲ. ಅದರ ಕೆಳಗೆ ಯಾರೋ, ಫ್ಯಾನಿಲ್ಲದೆ ಮಕ್ಕಳು ಮಲಗುವುದಿಲ್ಲ ಎಂದು ಗೊಣಗಿದರು. ಇನ್ನೊಬ್ಬರು, ತೊಟ್ಟಿಲಮ್ಮನ ಮನೆಯಲ್ಲಿ ಮಲಗುತ್ತವೆ, ಹಲಗೆ ನೋಡಿ, ಎಲ್ಲರದೂ ಎರಡೆರಡು ಗಂಟೆ ನಿದ್ದೆ ಎಂದರು. ಮೂರನೆಯದು ಹೆಸರಿಲ್ಲದ್ದು. ‘ಹದಿನಾಲ್ಕು ಮಕ್ಕಳು ಒಟ್ಟಿಗೆ ಹೇಗೆ ಮಲಗ್ತವೆ? ಕೆಲವು ಕಡೆ ಕೆಮ್ಮಿನ ಔಷಧಿ ಕುಡಿಸಿ ಮಲಗಿಸ್ತಾರಂತೆ. ಇಲ್ಲೂ ಹಾಗೇನಾ? ಸುಮ್ನೆ ಕೇಳ್ದೆ ಅಷ್ಟೆ.’

ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಉತ್ತರಗಳು ಬಂದವು. ಒಬ್ಬರಿಗೆ ತಮ್ಮ ಮಗು ಸಂಜೆ ಮಂಕಾಗಿರುತ್ತಿದ್ದುದು ನೆನಪಾಯಿತು. ಒಬ್ಬರಿಗೆ ಆ ಮನೆಯ ಕಿಟಕಿಯಲ್ಲಿ ಬಾಟಲಿ ಕಂಡದ್ದು ನೆನಪಾಯಿತು. ಕೇಳಿದ್ದು ‘ಹಾಗಂತೆ’ ಆಯಿತು, ‘ಹಾಗಂತೆ’ ಎಂಬುದು ‘ಹೌದಂತೆ’ ಆಯಿತು. ಸಂಜೆ ಹೊತ್ತಿಗೆ ಹದಿನೈದು ಕಾಮೆಂಟುಗಳು. ಕೊನೆಯದರಲ್ಲಿ, ಇಂಥವಳ ಕೈ ಮುರಿಯಬೇಕು ಎಂದಿತ್ತು.

ಅವನ್ನೆಲ್ಲ ನಾನು ಆ ಸಂಜೆಯೇ ಓದಿದ್ದೆ. ಹೇಳಿದೆನಲ್ಲ, ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ. ಫೋನು ಹಿಡಿದು ಕೂತು ಒಂದೊಂದನ್ನೂ ಓದಿದೆ. ಮುಂದೇನು ಬರೆಯುತ್ತಾರೋ ನೋಡೋಣ ಎಂಬ ಚಪಲಕ್ಕೆ ಸುಮ್ಮನಿದ್ದೆ. ಯಜಮಾನರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಮಂಗಳವಾರ ಹತ್ತಕ್ಕೆ ಅವರು ಮುದ್ರಿಸಿದರು, ಮಡಚಿದರು, ಚೀಲ ಏರಿಸಿ ಹೊರಟರು. ತೊಟ್ಟಿಲಮ್ಮನಿಗೆ ಫೋನು ನೋಡಲು ಪುರುಸೊತ್ತಿಲ್ಲ, ಆದ್ದರಿಂದ ಆ ಹತ್ತೊಂಬತ್ತು ಮನೆಗಳಲ್ಲಿ ಅವರದೂ ಒಂದು. ಗೇಟು ತೆಗೆದು, ನಗುತ್ತಾ, “ತಗೊಳ್ಳಿ ತಾಯೀ, ಇವತ್ತಿನದು,” ಎಂದು ಕೊಟ್ಟರಂತೆ. ಆಕೆ ಸೊಂಟದಲ್ಲಿ ಮಗು ಎತ್ತಿಕೊಂಡೇ ಬಿಡಿಸಿ ಓದಿದರಂತೆ. ಓದುತ್ತ ಓದುತ್ತ ಮಗುವನ್ನು ಕೆಳಗಿಳಿಸಿದರಂತೆ.

“ಇದನ್ನ ಎಲ್ಲರ ಮನೆಗೂ ಕೊಟ್ರಾ ಅಣ್ಣ?”

“ಎಲ್ಲರಿಗೂ ಆಯ್ತು. ನಿಮ್ಮದೇ ಕೊನೇ ಮನೆ,” ಎಂದು ಹೇಳಿ ಬಂದರು ಪುಣ್ಯಾತ್ಮರು.

ಮಧ್ಯಾಹ್ನ ಆಕೆಯೇ ನಮ್ಮ ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಹೊಸ್ತಿಲಾಚೆ ನಿಂತೇ ಕೇಳಿದರು. “ಅದನ್ನ ತೆಗೆದುಬಿಡಿ ಅಣ್ಣ. ನನ್ನ ಮನೇಲಿ ಔಷಧಿ ಬಾಟ್ಲೇ ಇಲ್ಲ. ಆ ಕಿಟಕೀಲಿರೋದು ಬಣ್ಣದ ನೀರು, ಮಕ್ಕಳು ಆಡೋದು.”

ನಮ್ಮವರಿಗೂ ಮನಸ್ಸು ಕಲಕಿತ್ತು. ಆದರೂ ಹಾಳೆ ಬಿಡಿಸಿ ಓದಲಿಲ್ಲ, ಹಠವನ್ನೂ ಬಿಡಲಿಲ್ಲ. “ಬಂದ ಕಾಗದ ಹರಿಯೋದು ನನ್ನ ಕೈಲಾಗಲ್ಲ ತಾಯಿ. ನೀವೂ ಒಂದು ಉತ್ತರ ಬರೀರಿ. ಅದನ್ನೂ ಅಷ್ಟೇ ನಿಯತ್ತಾಗಿ ಮುಟ್ಟಿಸ್ತೀನಿ.”

ಆಕೆ ಉತ್ತರ ಬರೆದರು. ನಾಲ್ಕು ಸಾಲು. ಅದರ ಕೆಳಗೆ ಇಪ್ಪತ್ತಾರು ಜನ ಬರೆದರು. ತಪ್ಪಿಲ್ಲದಿದ್ದರೆ ಯಾಕೆ ಇಷ್ಟು ಗಾಬರಿ ಎಂದವರೇ ಹೆಚ್ಚು.

ವಾರದೊಳಗೆ ಹದಿನಾಲ್ಕು ಮಕ್ಕಳು ಮೂರಾದವು. ಯಾರೋ ಮಕ್ಕಳ ರಕ್ಷಣಾ ಕಚೇರಿಗೂ ದೂರು ಕೊಟ್ಟರು. ಅದೊಂದು ಮಾತ್ರ ಸರಿಯಾದ ಕೆಲಸ ಎನ್ನುತ್ತೇನೆ. ಅಧಿಕಾರಿಗಳು ಹೇಳದೆ ಕೇಳದೆ ಎರಡು ಸಲ ಬಂದರು. ಅಡುಗೆಮನೆ, ಕಪಾಟು, ಮಕ್ಕಳ ಚೀಲ ಎಲ್ಲ ಜಾಲಾಡಿದರು. ಆರು ಮಕ್ಕಳನ್ನು ವೈದ್ಯರು ನೋಡಿದರು. ಏನೂ ಸಿಗಲಿಲ್ಲ, ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟರು. ನಮ್ಮವರು ಆ ವರದಿಯನ್ನು ಬ್ಲಾಗಿನಲ್ಲಿ ಪೂರ್ತಿ ಹಾಕಿದರು. ಅದರ ಕೆಳಗೆ ಬಂದದ್ದು ಮೂರೇ ಕಾಮೆಂಟು. ಹಳೆಯದರ ಕೆಳಗೆ ಅಷ್ಟೊತ್ತಿಗೆ ಎಂಬತ್ತೊಂದು ಇದ್ದವು. ಉಳಿದ ಮೂರು ಮಕ್ಕಳೂ ಹೋದವು, ಹಸಿರು ಗೇಟಿಗೆ ಬೀಗ ಬಿತ್ತು.

ಬಟಾಣಿಯ ತಾಯಿ ಮಗುವನ್ನು ಮೊದಲ ದಿನವೇ ಬಿಡಿಸಿದವಳಲ್ಲ. ಐದು ದಿನ ತಡೆದಳು. “ನನಗೆ ನಂಬಿಕೆ ಇದೆ ಅತ್ತೆ, ಆದ್ರೆ ನಮ್ಮೋರು ಫೋನಲ್ಲಿ ಬಯ್ತಾರೆ. ಅಷ್ಟು ಜನ ಬರೆದಿದ್ದಾರೆ, ಎಲ್ಲರೂ ಸುಳ್ಳು ಹೇಳ್ತಾರಾ ಅಂತಾರೆ,” ಎಂದು ನನ್ನ ಮುಂದೆಯೇ ಹೇಳಿದಳು. ಆಗಲೂ ನಾನು ಗಟ್ಟಿಯಾಗಿ ಏನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಂದು ಎಳೆ ಅನುಮಾನ ಬಂದಿತ್ತು.

ಮಗುವನ್ನು ಬಿಡಿಸಿದ ಮೇಲೆ, ಕಾರ್ಖಾನೆಯಲ್ಲಿ ರಜೆ ಸಿಕ್ಕಷ್ಟು ದಿನ ಅವಳು ಮನೆಯಲ್ಲೇ ಇದ್ದಳು. ರಜೆ ಮುಗಿಯಿತು. ಆಮೇಲೆ ಅರ್ಧ ದಿನದ ಪಾಳಿ ಹಾಕಿಸಿಕೊಂಡು, ಮಗುವನ್ನು ಒಳಗೆ ಬಿಟ್ಟು ಬೀಗ ಹಾಕಿ ಹೋಗತೊಡಗಿದಳು. ಪಕ್ಕದ ಮನೆಯ ಟೈಲರ್ ಅರ್ಧ ಗಂಟೆಗೊಮ್ಮೆ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದ. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಅವಳು ಚಹಾಕ್ಕೆ ನೀರು ಕುದಿಸಿ, ಹೊತ್ತಾಯಿತೆಂದು ಕುಡಿಯದೆ ಓಡಿದಳು. ಕರೆಂಟಿನ ಕೆಟಲು ಮೇಜಿನ ಮೇಲೇ ಉಳಿಯಿತು, ವೈರು ಕೆಳಗೆ ಜೋತಾಡುತ್ತಿತ್ತು.

ಕಿರುಚಿದ್ದು ಮೊದಲು ಕೇಳಿಸಿದ್ದು ಟೈಲರಿಗೆ. ಬೀಗ ಒಡೆಯಲು ಅವನಿಗೆ ಏಳೆಂಟು ನಿಮಿಷ ಹಿಡಿಯಿತು. ನಾನು ಓಡಿ ಹೋಗುವ ಹೊತ್ತಿಗೆ ಮಗು ಕಿರುಚುವುದನ್ನೂ ನಿಲ್ಲಿಸಿತ್ತು. ಕತ್ತು, ಎದೆ, ಬಲಗೈ. ಅದನ್ನು ನಾನು ಬಣ್ಣಿಸುವುದಿಲ್ಲ. ನಲ್ಲಿ ತಿರುಗಿಸಿದೆ, ನೀರಿತ್ತು, ಆ ಹೊತ್ತಿಗೆ ನೀರು ಬಿಡುತ್ತಾರೆಂದು ನಮ್ಮ ಬ್ಲಾಗಿನಲ್ಲೇ ಇತ್ತು. ತಣ್ಣೀರು ಸುರಿಯುತ್ತಲೇ ಆಸ್ಪತ್ರೆಗೆ ಫೋನು ಮಾಡಿಸಿದೆ. ಬಟಾಣಿ ಬದುಕಿದಳು.

ಮರುದಿನ ನಮ್ಮವರು ಬ್ಲಾಗಿನಲ್ಲಿ ಎರಡೇ ಸಾಲು ಬರೆದರು. ಇಂಥ ಮನೆಯ ಮಗುವಿಗೆ ಸುಟ್ಟಗಾಯವಾಗಿದೆ, ಆಸ್ಪತ್ರೆಯಲ್ಲಿದೆ. ಅದರ ಮರುದಿನ ಬೆಳಿಗ್ಗೆ ಹತ್ತಕ್ಕೆ ಎಂದಿನಂತೆ ಮುದ್ರಿಸಲು ಕೂತರು. ನಾನು ಅಷ್ಟರೊಳಗೆ ಫೋನಿನಲ್ಲಿ ಕಾಮೆಂಟುಗಳನ್ನು ನೋಡಿದ್ದೆ. ಈ ಸಲ ಸುಮ್ಮನಿರಲಿಲ್ಲ.

“ಇವತ್ತು ಒಂದು ಹಾಳೆ ಹೆಚ್ಚಿಗೆ ತೆಗೀರಿ,” ಎಂದೆ.

“ಯಾರಿಗೆ?”

“ಆಸ್ಪತ್ರೆಗೆ. ಬಟಾಣಿ ತಾಯಿಗೆ. ಅವಳ ವಿಷಯಾನೇ ಬರೆದಿದ್ದಾರೆ, ಅವಳಿಗೆ ಮುಟ್ಟಬೇಡ್ವಾ? ಬನ್ನಿ, ನಾನೂ ಬರ್ತೀನಿ. ನೀವು ಕೊಡಿ, ನಾನು ಪಕ್ಕದಲ್ಲಿ ನಿಂತ್ಕೊಳ್ತೀನಿ.”

ಅವರಿಗೆ ನನ್ನ ದನಿ ಅರ್ಥವಾಯಿತು. ಕನ್ನಡಕ ಏರಿಸಿಕೊಂಡರು. ಬ್ಲಾಗ್ ಶುರುವಾದ ಮೇಲೆ ಮೊದಲ ಸಲ ಕಾಮೆಂಟುಗಳನ್ನು ಓದಿದರು. ‘ಮಗು ಬೇಯಿಸಿದ ತಾಯಿ.’ ‘ಯಾರ ಜೊತೆ ಹೋಗಿದ್ದಳು ಕೇಳಿ.’ ‘ಹೆತ್ತದ್ದೇ ತಪ್ಪು.’ ಒಂಬತ್ತು ಇದ್ದವು. ಒಂದರಲ್ಲೂ ಹೆಸರಿರಲಿಲ್ಲ. ಐದನೆಯದಕ್ಕೆ ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತೊಟ್ಟಿಲಮ್ಮನಿಗೆ ಕೊಟ್ಟದ್ದೂ ಇಂಥದ್ದೇನೇ?”

“ಇದಕ್ಕಿಂತ ಜಾಸ್ತಿ,” ಎಂದೆ. “ನಾನು ಓದಿದ್ದೆ. ನಿಮಗೆ ಹೇಳಲಿಲ್ಲ.”

ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ತಾವೇ ಎದ್ದು ಮಹಡಿ ಹತ್ತಿ ಪತ್ರಿಕೆ ಅಕ್ಕನ ಬಾಗಿಲು ತಟ್ಟಿದರು. “ಬ್ಲಾಗ್ ಮುಚ್ಚಿಬಿಡ್ತೀನಮ್ಮ. ಹೇಗೆ ಮುಚ್ಚೋದು ತೋರಿಸು,” ಎಂದರು.

ಅಕ್ಕ ಕೆಳಗೆ ಬಂದರು. ನಾನು ಹೇಳಿದೆನಲ್ಲ ಎಂಬ ಮಾತು ಆಕೆಯ ಬಾಯಿಂದ ಬರಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ.

“ಮುಚ್ಚಿದ್ರೆ ನೀರಿನ ಹೊತ್ತು ಯಾರು ಹೇಳ್ತಾರೆ ಅಣ್ಣ? ಮೊನ್ನೆ ಆ ಮಗುವಿಗೆ ಹಾಕೋಕೆ ನೀರಿತ್ತಲ್ಲ. ಬ್ಲಾಗ್ ಇರಲಿ. ಕಾಮೆಂಟಿಗೆ ಒಂದು ಬಾಗಿಲು ಇರಲಿ.” ಆಕೆ ಆ ಒಂಬತ್ತನ್ನೂ ಹಳೆಯ ಎಂಬತ್ತೊಂದನ್ನೂ ನಮ್ಮವರ ಕೈಯಲ್ಲೇ ತೆಗೆಸಿದರು. ಸೆಟ್ಟಿಂಗಿನಲ್ಲಿ ಒಂದು ಗುರುತು ಹಾಕಿಸಿದರು. ಇನ್ನು ಮುಂದೆ ಏನೇ ಬಂದರೂ ನೀವು ಒಪ್ಪುವವರೆಗೆ ಹೊರಗೆ ಕಾಣುವುದಿಲ್ಲ ಎಂದರು. ಎರಡು ನಿಮಿಷದ ಕೆಲಸ ಅಷ್ಟೇ.

ನಮ್ಮವರ ಅನುಮಾನ ಪೂರ್ತಿ ಹೋಗಿರಲಿಲ್ಲ. “ಜನರ ಬಾಯಿ ಮುಚ್ಚಿಸಿದ ಹಾಗಾಗಲ್ವಾ? ನಾಳೆ ಚರಂಡಿ ಗಬ್ಬು ನಾರ್ತಿದೆ ಅಂತ ಯಾರೋ ಬರೀತಾರೆ. ಕಚೇರಿಯವರಿಗೆ ಬೇಜಾರಾಗುತ್ತೆ ಅಂತ ಅದನ್ನೂ ತಡೀಬೇಕಾ?”

“ಬೇಡ. ಅದನ್ನ ಖಂಡಿತ ಹಾಕಿ, ಎಷ್ಟು ಖಾರವಾಗಿದ್ರೂ ಹಾಕಿ. ನಿಮ್ಮನ್ನೇ ಬಯ್ದಿದ್ರೂ ಹಾಕಿ. ಚರಂಡಿ ಎಲ್ಲರ ಕಣ್ಣಿಗೂ ಕಾಣುತ್ತೆ, ಹೋಗಿ ನೋಡಬಹುದು. ಆದ್ರೆ ಇಂಥವರು ಇಂಥ ಕೆಟ್ಟ ಕೆಲಸ ಮಾಡಿದ್ರು ಅಂತ ಯಾರಾದ್ರೂ ಬರೆದ್ರೆ ಅಲ್ಲಿ ನಿಲ್ಲಿ. ನಮ್ಮ ಪತ್ರಿಕೇಲಿ ಬರೆದವರಿಗೆ ಫೋನ್ ಮಾಡ್ತಿದ್ವಿ. ನೀವು ಯಾರು, ಕಣ್ಣಾರೆ ಕಂಡ್ರಾ, ಯಾವತ್ತು ಅಂತ ಕೇಳ್ತಿದ್ವಿ. ಹತ್ತರಲ್ಲಿ ಎಂಟು ಜನ ಅಲ್ಲೇ ಫೋನ್ ಇಡ್ತಿದ್ರು. ಉಳಿದದ್ದಕ್ಕೆ ಆ ಕಡೆಯವರನ್ನೂ ಕೇಳಿ, ಆಮೇಲೆ ನೋಡ್ತಿದ್ವಿ.”

“ಅದು ನಿಜವೇ ಆಗಿದ್ರೆ?” ಇದನ್ನು ಕೇಳಿದ್ದು ನಾನು. “ನಿಜವಾಗ್ಲೂ ಮಕ್ಕಳಿಗೆ ಔಷಧಿ ಕುಡಿಸ್ತಾ ಇದ್ದಿದ್ರೆ?”

“ಹಾಗಿದ್ರೆ ಆ ದಿನವೇ, ಆ ಗಳಿಗೇಲೇ ಮಕ್ಕಳ ರಕ್ಷಣಾ ಕಚೇರಿಗೆ ಹೇಳ್ಬೇಕು. ಎಂಬತ್ತೊಂದು ಕಾಮೆಂಟು ಬಂತಲ್ಲ, ಕಚೇರಿಗೆ ಹೇಳಿದವರು ಒಬ್ಬರೇ. ಅಷ್ಟೂ ಕಾಮೆಂಟಿಂದ ಯಾವ ಮಗುವಿಗೆ ಉಪಕಾರ ಆಯ್ತು, ಹೇಳಿ ನೋಡೋಣ.”

ನಮ್ಮವರು ಪೆನ್ನು ತೆಗೆದು ಒಂದು ಚೀಟಿ ಬರೆದರು, ಅಕ್ಕ ತಿದ್ದಿದರು. ಈಗ ಕಾಮೆಂಟು ಬರೆಯುವ ಜಾಗದ ಮೇಲೆ ಆ ಮಾತು ಇದೆ. ‘ನಿಮ್ಮ ಹೆಸರು ಹಾಕಿ ಬರೆಯಿರಿ. ಕಂಡದ್ದನ್ನು ಬರೆಯಿರಿ, ಕೇಳಿದ್ದನ್ನು ಬೇಡ. ಯಾರಿಗಾದರೂ ಅಪಾಯವಿದ್ದರೆ ಇಲ್ಲಿ ಬರೆಯುತ್ತ ಕೂರಬೇಡಿ, ಕಚೇರಿಗೆ ತಿಳಿಸಿ. ಎಲ್ಲವನ್ನೂ ನಾನು ಓದಿಯೇ ಹಾಕುತ್ತೇನೆ. ಇಂತಿ, ಟಪಾಲು ಮಾವ.’

ಆ ವಾರ ಬಟಾಣಿಯ ತಾಯಿಯ ಮೇಲೆ ಇನ್ನೂ ಇಪ್ಪತ್ತಮೂರು ಬಂದವು. ಒಂದೂ ಹೊರಗೆ ಹೋಗಲಿಲ್ಲ. ಯಜಮಾನರು ಒಂದೊಂದನ್ನೂ ಕೊನೆಯವರೆಗೆ ಓದಿ ಅಳಿಸುತ್ತಿದ್ದರು. ಯಾಕೆ ಓದುತ್ತೀರಿ, ಮೊದಲ ಸಾಲಿಗೇ ಗೊತ್ತಾಗುತ್ತದಲ್ಲ ಎಂದು ನಾನು ಕೇಳಿದೆ. “ಅವಳು ಓದೋದು ತಪ್ಪಿತಲ್ಲೇ. ನಾನಾದ್ರೂ ಓದ್ತೀನಿ,” ಎಂದರು. ಮುಂದಿನದನ್ನು ತೆರೆದರು.

ತಿಂಗಳ ಮೇಲೆ ಇಬ್ಬರೂ ತೊಟ್ಟಿಲಮ್ಮನ ಮನೆಗೆ ಹೋದೆವು. ಕೋಣೆಯಲ್ಲಿ ಹದಿನಾಲ್ಕು ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿದ್ದರು. ಬಣ್ಣದ ನೀರಿನ ಬಾಟಲಿ ಕಿಟಕಿಯಲ್ಲೇ ಇತ್ತು. ನಮ್ಮವರು ಕೈ ಮುಗಿದು, “ನನ್ನಿಂದ ತಪ್ಪಾಯ್ತು ತಾಯಿ. ಎಲ್ಲಾ ತೆಗೆದಿದ್ದೀನಿ. ಮತ್ತೆ ಶುರು ಮಾಡಿ. ನಾನೇ ಮನೆಮನೆಗೆ ಹೋಗಿ ಹೇಳ್ತೀನಿ,” ಎಂದರು.

ಆಕೆ ಜಗಳ ಆಡಲಿಲ್ಲ. ಕಪಾಟಿನಿಂದ ಆ ಮೂರು ಮಡಿಕೆಯ ಹಾಳೆ ತಂದು ಅವರ ಕೈಗಿಟ್ಟರು.

“ಇದನ್ನ ಬರೆದವರು ಯಾರು ಅಂತ ನಂಗೆ ಗೊತ್ತಿಲ್ಲ ಅಣ್ಣ. ದಾರೀಲಿ ಯಾರು ಸಿಕ್ಕಿದ್ರೂ ಇವರೇನಾ ಅನ್ಸುತ್ತೆ. ಬರೆದವರ ಮುಖ ನಾನು ಕಂಡಿಲ್ಲ. ತಂದುಕೊಟ್ಟವರ ಮುಖ ಮಾತ್ರ ಕಂಡಿದ್ದೀನಿ. ನೀವು ನಗ್ತಾ ಇದ್ರಿ.”

ಆಕೆ ಮತ್ತೆ ಶುರು ಮಾಡಲಿಲ್ಲ. ಮುಂದಿನ ತಿಂಗಳು ತಂಗಿಯ ಊರಿಗೆ ಹೋದರು. ಬಟಾಣಿ ಮನೆಗೆ ಬಂದಿದ್ದಾಳೆ. ಎರಡು ಸಲ ಶಸ್ತ್ರಚಿಕಿತ್ಸೆ ಆಗಿದೆ, ಇನ್ನೂ ಒಂದು ಬಾಕಿ ಇದೆ. ಈಗಲೂ ಸಂಜೆ ನಮ್ಮ ಮನೆ ಮುಂದೆ ನಿಂತು ಕಾಗದ ಕೇಳುತ್ತಾಳೆ. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಲು ಬರುವುದಿಲ್ಲ. ಎಡಗೈ ಚಾಚುತ್ತಾಳೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಒಂದು ಬ್ಲಾಗ್ ಇರಬಹುದು, ಇಲ್ಲವೇ ನಾಲ್ಕು ಜನ ಬರೆಯುವ ಒಂದು ಗುಂಪು ನಿಮ್ಮ ಕೈಯಲ್ಲಿರಬಹುದು. ಅಲ್ಲಿ ಬರುವ ಮಾತು ನಿಮ್ಮದಲ್ಲ, ನಿಜ. ಆದರೆ ಅದು ಇನ್ನೊಬ್ಬರ ಬಾಗಿಲಿಗೆ ಹೋಗುವುದು ನಿಮ್ಮ ಕೈಯಿಂದ. ಈಗಲೇ, ಇಲ್ಲಿಂದ ಏಳುವ ಮೊದಲು, ಕಾಮೆಂಟು ತಡೆದಿಡುವ ಆ ಗುರುತು ಹಾಕಿದೆಯೇ ನೋಡಿಕೊಳ್ಳಿ. ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕೇಳಿ, ಎರಡು ನಿಮಿಷದ ಕೆಲಸ. ಬ್ಲಾಗ್ ಇಲ್ಲದವರು, ನನ್ನ ಹಾಗೆ ಓದಿ ಸುಮ್ಮನೆ ಕೂರುವವರು, ನೀವೂ ಕೇಳಿ: ಕೆಟ್ಟದ್ದು ಕಂಡರೆ ಆ ಬ್ಲಾಗ್ ನಡೆಸುವವರಿಗೆ ಒಂದು ಮಾತು ಹೇಳಿ. ನಾನು ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ನಮ್ಮ ಮನೆಯಲ್ಲಿ ಈಗ ನಾವಿಬ್ಬರೂ ಓದುತ್ತೇವೆ, ದಿನಾ, ಪ್ರತಿಯೊಂದನ್ನೂ. ಯಾರ ಮನೆಗೇ ಆಗಲಿ, ಕೊಡುವ ಮೊದಲು ನೀವೂ ಓದಿ.